ಮೂಗು ಮುಚ್ಚಿಕೊಂಡ ರಾಜ್ಯ, ಗಂಧಕದ ಕೋಣ

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲಕ್ಕೆ, ಘಮಘಟ್ಟವೆಂಬ ರಾಜ್ಯವಿತ್ತು. ಅಲ್ಲಿಯ ಒಂದು ಈರುಳ್ಳಿ ಎಳೆಯಲು ಎರಡು ಜೋಡಿ ಎತ್ತು ಬೇಕಿತ್ತು. ನಂಬದವರು ಎತ್ತುಗಳನ್ನೇ ಕೇಳಿಕೊಳ್ಳಲಿ.

ರಾಜ್ಯದ ಅಂಚಿನಲ್ಲಿ ಬಾಳವ್ವ ಒಬ್ಬಳೇ ಈರುಳ್ಳಿ ಬೆಳೆಯುತ್ತಿದ್ದಳು. ಅವಳ ಹೊಲದಲ್ಲಿ ಮಾತಾಡುವ ಗಂಧಕದ ಕೋಣವೊಂದು ಮಲಗುತ್ತಿತ್ತು. ಅದರ ಹಳದಿ ಮೈಯ ನಾತಕ್ಕೆ ಅವಳ ಅಂಗಳಕ್ಕೆ ಯಾರೂ ಕಾಲಿಡುತ್ತಿರಲಿಲ್ಲ. ಒಂದು ದಿನ ಅತ್ತರಿನ ಮಾಂತ್ರಿಕ ಪರಿಮಳಪಾದ ರಾಜನ ಕಿವಿಯೂದಿ ಕೋಣವನ್ನು ಬೂದಿಬೆಟ್ಟಕ್ಕೆ ಅಟ್ಟಿಸಿದ. ಇನ್ನಾದರೂ ಜನ ಬಂದಾರೆಂದು ಬಾಳವ್ವ ಅಂಗಳ ಸಾರಿಸಿ ಕಾದಳು. ಯಾರೂ ಬರಲಿಲ್ಲ.

ಬಂದದ್ದು ಬೆಳೆಗೆ ಕೇಡು. ಹಳೆಯೆಲೆ ಹಸಿರಾಗಿಯೇ ಇತ್ತು, ಚಿಗುರು ಮಾತ್ರ ಹಳದಿ. ಹೊಳೆಯನ್ನೇ ತಿರುಗಿಸಿ ನೀರು ಹಾಯಿಸಿದರೂ ಏಳಲಿಲ್ಲ. ಕೋಣ ಹೊಲದಲ್ಲಿದ್ದಾಗ ಹೀಗೆಂದೂ ಆಗಿರಲಿಲ್ಲ. ಈ ಪೈರೂ ಹೋದರೆ ತನ್ನದೆನ್ನಲು ಏನೂ ಉಳಿಯದೆಂದು ಬಾಳವ್ವ ಕೋಣವನ್ನು ಕರೆತರಲು ಹೊರಟಳು.

ದಾರಿಯಲ್ಲಿ ಮಾಂತ್ರಿಕ ನೆಟ್ಟ ಗಂಧದ ಮರ ಕರೆಯಿತು: "ಬಾ ಮಗಳೇ, ನೆರಳಲ್ಲಿ ಮಲಗು."

"ಚಿಗುರು ಹಳದಿಯಾಗ್ತಿದೆ, ನಿಲ್ಲಲಾರೆ."

ಮುಂದೆ ಮಲ್ಲಿಗೆಯ ಅರಮನೆ. ನೂರು ಹುಡುಗಿಯರು ಕೈಚಾಚಿದರು: "ಬಾರಕ್ಕಾ, ಜೊತೆಗೆ ಉಣ್ಣೋಣ!"

ಅಕ್ಕಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ಕಾಲು ನಿಂತೇಬಿಟ್ಟಿತು. ಕೊನೆಗೆ ಕಾಲನ್ನು ಕಿತ್ತು ಮುಂದಿಡುತ್ತ, "ಚಿಗುರು ಹಳದಿಯಾಗ್ತಿದೆ, ನಿಲ್ಲಲಾರೆ" ಎಂದಳು. ಅರಮನೆ ಬರೀ ಹೂವಾಗಿ ಉದುರಿತು.

ಬೂದಿಬೆಟ್ಟದ ಮೇಲೆ ಕೋಣ ಬೆನ್ನು ತಿರುಗಿಸಿ ಕೂತಿತ್ತು.

"ನನ್ನನ್ನ ಅಟ್ಟಿದಾಗ ಮೂಗು ಮುಚ್ಚಿಕೊಂಡವರು ಯಾರ್ಯಾರು?"

"ಊರೆಲ್ಲ. ನಾನೂ."

"ಸುಳ್ಳು ಹೇಳಬಹುದಿತ್ತಲ್ಲೇ, ಬಾಳಿ!"

"ಸುಳ್ಳು ಹೇಳೋಕೆ ಇಷ್ಟು ದೂರ ನಡೀಬೇಕಿತ್ತಾ, ಮಾರಾಯ?"

ಕೋಣ ನಕ್ಕ ರಭಸಕ್ಕೆ ಅರ್ಧ ಬೆಟ್ಟ ಜಾರಿತು. "ಹಳೆಯೆಲೆ ತನ್ನ ಗಂಧಕವನ್ನ ಚಿಗುರಿಗೆ ಸುಲಭಕ್ಕೆ ಬಿಟ್ಟುಕೊಡಲ್ಲ. ಬೇರು ಮಣ್ಣಿಂದ ಹೊಸದಾಗಿ ಹೀರಬೇಕು. ನಡಿ ಹೋಗೋಣ" ಎಂದಿತು.

ಹೊಲದಲ್ಲಿ ಕೋಣ ಮೈಕೊಡವಿತು. ಉದುರಿದ ಹಳದಿ ಪುಡಿಯನ್ನು ಕಣ್ಣಿಗೆ ಕಾಣದ ಮಣ್ಣಿನ ಜೀವಿಗಳು ಹದಮಾಡಿದವು, ನೀರು ಬೇರಿಗೆ ಒಯ್ಯಿತು. ಚಿಗುರು ಹಸಿರಾಯಿತು, ಈರುಳ್ಳಿಗೆ ಖಾರ ಏರಿತು. ಪರಿಮಳಪಾದ ಮಂತ್ರ ಊದುತ್ತ ಓಡಿಬಂದ. ಬಾಳವ್ವ ಅವನ ಮುಖದೆದುರೇ ಒಂದು ಈರುಳ್ಳಿ ಹೆಚ್ಚಿದಳು. ಹುಟ್ಟಿದಾಗಲೂ ಅಳದಿದ್ದ ಮಾಂತ್ರಿಕ ಬಿಕ್ಕಿ ಬಿಕ್ಕಿ ಅತ್ತ. ಮಾಯೆಯೆಲ್ಲ ಕಣ್ಣೀರಲ್ಲಿ ಹರಿದುಹೋಗಿ, ಅವನೇ ಪನ್ನೀರುದಾನಿಯಾಗಿ ನೆಲಕ್ಕೆ ಬಿದ್ದ. ಈಗಲೂ ಅಲ್ಲಿಯ ಮದುವೆಗಳಲ್ಲಿ ಅವನನ್ನೇ ಅಲ್ಲಾಡಿಸುತ್ತಾರಂತೆ.

ಮಾಂತ್ರಿಕನ ಮಾಯೆ ಕಳೆದದ್ದೇ ಮೂಗಿನ ಮೇಲಿನ ಕೈ ತೆಗೆದು ರಾಜನೂ ಪ್ರಜೆಗಳೂ ಬಾಳವ್ವನ ಅಂಗಳಕ್ಕೆ ಬಂದು ಊಟಕ್ಕೆ ಈರುಳ್ಳಿ ಹೆಚ್ಚುತ್ತ ಕೂತರು. ಎಲ್ಲರ ಕಣ್ಣಲ್ಲೂ ನೀರು. ಯಾರದು ಯಾವ ಅಳು ಎಂದು ಯಾರೂ ಕೇಳಲಿಲ್ಲ. ಬಾಳವ್ವ ಅವರ ನಡುವೆ ಕೂತು ಅಷ್ಟು ವರ್ಷದ್ದನ್ನೆಲ್ಲ ಅತ್ತು ಮುಗಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಇನ್ನೊಂದು ರೊಟ್ಟಿ ಹಾಕ್ಲೇನ್ರೀ, ದೊರೆಗಳೇ?"

"ಹಾಕವ್ವಾ" ಎಂದ ರಾಜ. ಎಲ್ಲರೂ ಉಂಡು ಸುಖವಾಗಿದ್ದರು.