ದೊಡ್ಡಮ್ಮನ ನಾಟಕ

ದೊಡ್ಡಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟಳು.

"ಶುರುವಾಯ್ತಾ?" ಎಂದಳು ಪುಟ್ಟಿ. "ಇನ್ನೂ ಹತ್ತು ಮೆಟ್ಟಿಲೂ ಹತ್ತಿಲ್ಲ."

"ಒಂದ್ನಿಮಿಷ ತಡಿ ಕಣೇ."

ಅಮ್ಮನ ಈ ಅಕ್ಕನಿಗೆ ಮನೆಯಲ್ಲಿ 'ನಾಟಕ ಕಂಪನಿ' ಎಂದು ಹೆಸರು. ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಎದೆನೋವು ಬರುತ್ತದೆ ಎಂದು ಅಮ್ಮ ಮೂಗು ಮುರಿಯುತ್ತಿದ್ದಳು. ಗ್ಯಾಸ್ ಎಂದು ಅಪ್ಪ, ಸೋಮಾರಿತನ ಎಂದು ಅಣ್ಣ. ಆ ಮನೆಯಲ್ಲಿ ಎಲ್ಲರೂ ಡಾಕ್ಟರೇ, ಡಿಗ್ರಿ ಒಬ್ಬರಿಗೂ ಇರಲಿಲ್ಲ ಅಷ್ಟೇ. ಹೃದಯದ ದೊಡ್ಡ ರಕ್ತನಾಳಗಳೆಲ್ಲ ಸರಿಯಾಗಿವೆ ಎಂದು ಹಿಂದಿನ ಟೆಸ್ಟಿನಲ್ಲಿ ಬಂದಮೇಲಂತೂ ಕೇಳುವುದೇ ಬೇಡ. ಇವತ್ತು ಸ್ಕ್ಯಾನಿಗೆ ಜೊತೆಗೆ ಬರಲು ಈ ಮಹಾನುಭಾವರಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಶಾಲೆಗೆ ರಜೆಯಿದ್ದ ತಪ್ಪಿಗೆ ಪುಟ್ಟಿ ಬರಬೇಕಾಯಿತು.

ಉಂಗುರ, ಹೇರ್‌ಪಿನ್ ಎಲ್ಲ ತೆಗೆದು ಪುಟ್ಟಿಯ ಕೈಗೆ ಕೊಟ್ಟು ದೊಡ್ಡಮ್ಮ ದೊಡ್ಡ ಮೆಷಿನ್ನಿನ ಕೊಳವೆಯೊಳಗೆ ಮಲಗಿದಳು. ಗಾಜಿನ ಈಚೆ ಕೂತಿದ್ದ ಸ್ಕ್ಯಾನ್ ಡಾಕ್ಟರ್ ಮೈಕಿನಲ್ಲಿ, "ಒಂದು ನಿಮಿಷ ಜೋರಾಗಿ ಉಸಿರಾಡಿ," ಎಂದರು. ಆಮೇಲೆ, "ಈಗ ಉಸಿರು ಬಿಟ್ಟು ಹಾಗೇ ಹಿಡ್ಕೊಳ್ಳಿ."

"ಅವರು ಹಿಡ್ಕೊಳ್ಳಲ್ಲ ನೋಡಿ," ಎಂದಳು ಪುಟ್ಟಿ. "ಬರೀ ನಾಟಕ."

"ಹೌದಾ? ಈ ಮೆಷಿನ್ ಮುಂದೆ ನಾಟಕ ನಡೆಯಲ್ಲ. ಬಾ ಇಲ್ಲಿ."

ಸ್ಕ್ರೀನಿನಲ್ಲಿ ಹೃದಯದ ಮಾಂಸ ಒಂದು ದಪ್ಪ ಬಳೆಯ ಹಾಗೆ ಕಾಣುತ್ತಿತ್ತು.

"ಆಕ್ಸಿಜನ್ ಕಳಕೊಂಡ ರಕ್ತ ಒಂಚೂರು ಅಯಸ್ಕಾಂತದ ಹಾಗೆ ಆಡುತ್ತೆ," ಎಂದರು ಡಾಕ್ಟರ್. "ಅಕ್ಕಪಕ್ಕದಿಂದ ಮೆಷಿನ್ನಿಗೆ ಬರೋ ಸಿಗ್ನಲ್ಲನ್ನ ಬೇಗ ಆರಿಸಿಬಿಡುತ್ತೆ. ಅಲ್ಲಿ ಚಿತ್ರ ಕಪ್ಪಾಗುತ್ತೆ. ಆಕ್ಸಿಜನ್ ಚೆನ್ನಾಗಿದ್ರೆ ಸಿಗ್ನಲ್ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತೆ, ಬೆಳ್ಳಗೆ ಕಾಣುತ್ತೆ. ಹೀಗೆ ಉಸಿರು ಹಿಡಿದಾಗ ಹೃದಯಕ್ಕೆ ರಕ್ತ ಜಾಸ್ತಿ ಹರಿದು, ಈ ಬಳೆ ಪೂರ್ತಿ ಬೆಳ್ಳಗಾಗಬೇಕು."

ಆಗಲಿಲ್ಲ. ಕೆಳಗಿನ ಅರ್ಧ ನೋಡನೋಡುತ್ತಲೇ ಕಪ್ಪಾಯಿತು. ದೊಡ್ಡಮ್ಮ ಉಸಿರನ್ನೇನೋ ಕೊನೆಯವರೆಗೂ ಹಿಡಿದೇ ಇದ್ದಳು.

"ರಕ್ತನಾಳ ಎಲ್ಲ ಸರಿ ಇದೆ ಅಂದಿದ್ರಲ್ಲ?"

"ದೊಡ್ಡವು ಸರಿ ಇವೆ. ಕೂದಲಿಗಿಂತ ಸಣ್ಣವು ಇರ್ತವೆ, ಅವು ಕೈಕೊಟ್ಟಿವೆ. ನೋವು ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷ ಮನೇಲಿ ಏನು ಮಾಡ್ತಿದ್ರಿ ನೀವೆಲ್ಲ?"

ನಗುತ್ತಿದ್ದೆವು ಎಂದು ಹೇಳಲು ಪುಟ್ಟಿಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಹೇರ್‌ಪಿನ್ ತಿರುಗಿಸುತ್ತ ನಿಂತಳು.

ದೊಡ್ಡಮ್ಮ ಹೊರಗೆ ಬಂದವಳೇ, "ಏನಾದ್ರೂ ಕಾಣಿಸ್ತಾ ಡಾಕ್ಟ್ರೇ?" ಎಂದಳು. ಏನೂ ಕಾಣಿಸದೆ ಹೋದರೆ ಎಂಬ ಹೆದರಿಕೆ ಅವಳ ಮುಖದ ಮೇಲಿತ್ತು.

"ಕಾಣಿಸ್ತು. ಔಷಧಿ ಇದೆ, ಇವತ್ತೇ ಶುರು ಮಾಡೋಣ."

ದೊಡ್ಡಮ್ಮನ ಕಣ್ಣು ತುಂಬಿತು, ಮುಖ ಮಾತ್ರ ಅರಳಿತು. ಕಾಯಿಲೆ ಇದೆ ಎಂದಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಪುಟ್ಟಿ ಎಲ್ಲೂ ನೋಡಿರಲಿಲ್ಲ.

"ಮನೇಲಿ ನೀನೇ ಹೇಳ್ತೀಯಾ ಪುಟ್ಟಿ?" ಎಂದು ದೊಡ್ಡಮ್ಮ ಮೆಲ್ಲಗೆ ಕೇಳಿದಳು. "ನಾನು ಹೇಳಿದ್ರೆ ಅವರು ನಗ್ತಾರೆ."

"ಹೂಂ," ಎಂದಳು ಪುಟ್ಟಿ.

ನಗುವವರ ಲೆಕ್ಕದಲ್ಲಿ ದೊಡ್ಡಮ್ಮ ಅವಳನ್ನು ಸೇರಿಸಿಯೇ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಾರು ಎಂದು ಪುಟ್ಟಿಗೆ ಗೊತ್ತಿತ್ತು.