ಬಾಯಾಡಿಸಿದರೆ ಸಾಕು

"ಹೇಳಿ ಸಾರ್," ಅಂದ ಜಗನ್.

ಇಪ್ಪತ್ತೈದು ವರ್ಷದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಫೋನಿನಲ್ಲಿ ನನ್ನ ದನಿ ಕೇಳಿದವರು ಈಗೀಗ ಹಾಗೇ ಅನ್ನುವುದು. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆದಮೇಲೆ ನನಗೆ ಉಳಿದಿರುವುದು ಒಂದು ಗರಗರ ದನಿ. ಸಾರ್ ಅಲ್ಲ ಕಣೋ, ಯಮುನಾ, ಅಂದೆ.

ಚೆನ್ನೈನಲ್ಲಿ ನಾನು ಟ್ರ್ಯಾಕ್ ಹಾಡುತ್ತಿದ್ದೆ. ಅಂದರೆ, ಸಿನಿಮಾ ಹಾಡನ್ನು ಮೊದಲು ನಾನು ಹಾಡಬೇಕು. ಆಮೇಲೆ ಹೆಸರಿರುವವರು ಬಂದು, ಅದನ್ನು ಕೇಳಿ ಕಲಿತು ಹಾಡುತ್ತಾರೆ. ನನ್ನದನ್ನು ತೆಗೆದುಹಾಕುತ್ತಾರೆ. ಇಷ್ಟು ವರ್ಷ ಹಾಡಿಯೂ ನನ್ನ ದನಿ ಎಲ್ಲೂ ಇಲ್ಲ. ಗಂಟಲು ಕೆಟ್ಟಾಗ ಯಾರೂ ನನ್ನನ್ನು ಹೋಗು ಅನ್ನಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟರು.

ಬೆಂಗಳೂರಿಗೆ, ನಮ್ಮೂರು ಹೊರಮಾವಿಗೆ ವಾಪಸ್ ಬಂದೆ. ನಮ್ಮ ರಾಗಿ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿತ್ತು. ತಮ್ಮ ಕೆಂಪರಾಜ್ ನನ್ನ ಪಾಲಿಗೆ ಅಂತ ಅದರಲ್ಲೇ ಒಂದು ಫ್ಲ್ಯಾಟ್ ತೆಗೆದಿಟ್ಟಿದ್ದ. ಅವರೆ ಸಾಲು ಇದ್ದ ಜಾಗದಲ್ಲಿ ಈಗ ಕ್ಲಬ್‌ಹೌಸ್.

ಅಲ್ಲಿಯ ಕನ್ನಡ ಸಂಘ ನಡೆಸುವ ಗೌತಮಿ ಹುಬ್ಬಳ್ಳಿಯವಳು, ಹಿಡಿದರೆ ಬಿಡುವವಳಲ್ಲ. ರಾಜ್ಯೋತ್ಸವಕ್ಕೆ ನೀವು ಹಾಡಲೇಬೇಕು ಅಂದಳು. ಸೌಂಡ್ ಸಿಸ್ಟಮ್‌ನವರ ನಂಬರ್ ಕೊಟ್ಟು, ನೀವೇ ಮಾತಾಡಿ ಅಂದಳು. ಜಗನ್, ಮರ್ಫಿ ಟೌನ್ ಅಂತಿತ್ತು. ಮರ್ಫಿ ಟೌನಿನಲ್ಲಿ ಜಗನ್‌ಗಳಿಗೇನು ಬರವಿಲ್ಲ, ಆದರೂ ಕೂಡಲೇ ಫೋನ್ ಮಾಡಿದೆ. ಅವನೇ.

ಒಂದು ಕಾಲಕ್ಕೆ ಅವನು ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಹಲಸೂರು, ಶಿವಾಜಿನಗರದಲ್ಲಿ ಗಣೇಶ ಕೂರಿಸಿದ ಗಲ್ಲಿಗಳಲ್ಲೆಲ್ಲ ನಾವಿಬ್ಬರೂ ಇರುತ್ತಿದ್ದೆವು. ನನಗಾಗಿ ಅವನೇ ಒಂದು ಹಾಡು ಕಟ್ಟಿದ್ದ. ನಾನು ಚೆನ್ನೈಗೆ ಹೊರಟಾಗ ಇರು ಅಂತ ಒಂದು ಮಾತು ಹೇಳಲಿಲ್ಲ, ಪುಣ್ಯಾತ್ಮ. ಮದುವೆಯೂ ಆಗಲಿಲ್ಲವಂತೆ.

ಮರುದಿನವೇ ಬಂದ. ಮೀಸೆಗೆ ಮಾತ್ರ ಕಪ್ಪು ಹಚ್ಚಿ, ತಲೆಯನ್ನು ಬೆಳ್ಳಗೆ ಬಿಟ್ಟಿದ್ದ. ಯಾಕೋ ಹೀಗೆ ಅಂದರೆ, ಡೈ ಅಷ್ಟಕ್ಕೇ ಖಾಲಿಯಾಯ್ತು ಅಂದ. ನಾನು ನಗುವಾಗ ನನ್ನ ಮುಖವನ್ನೇ ನೋಡುತ್ತಿದ್ದವನು, ನಾನು ನೋಡಿದ ಕೂಡಲೇ ವೈರ್ ಬಿಡಿಸಲು ಶುರುಮಾಡಿದ. ಈ ವಯಸ್ಸಿನಲ್ಲೂ ಕೆನ್ನೆ ಬಿಸಿಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಸಂಜೆ ಸಂಜೆ ಬರತೊಡಗಿದ. ಶಿವಾಜಿನಗರದಲ್ಲಿ ಕಟ್ಟಿಸಿಕೊಂಡ ಬಿಸಿ ಸಮೋಸ ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ ಜಾಮ್ ದಾಟುವಷ್ಟರಲ್ಲಿ ತಣ್ಣಗೆ ಮೆತ್ತಗಾಗಿರುತ್ತಿತ್ತು. ಅದನ್ನೇ ತಿಂದು ಚೆನ್ನಾಗಿದೆ ಅನ್ನುತ್ತಿದ್ದೆ. ಅದು ಪ್ರೀತಿಯಲ್ಲದೆ ಇನ್ನೇನು.

ಒಂದೇ ತಕರಾರು. ನಾನು ಹಾಡಲು ಬಾಯಿ ತೆರೆದರೆ ಸಾಕು, ಗಂಟಲಿಗೆ ತೊಂದರೆ ಕೊಡಬೇಡ, ಸ್ಟೇಜ್‌ನಲ್ಲಿ ನೋಡಿಕೊಳ್ಳೋಣ ಅನ್ನುತ್ತಿದ್ದ. ಕಾಳಜಿ ಅಂದುಕೊಂಡೆ. ಅವನು ಹೋದಮೇಲೆ ಬಚ್ಚಲುಮನೆಯಲ್ಲಿ ನಿಂತು, ಶ್ರುತಿ ತುಂಬಾ ಇಳಿಸಿಕೊಂಡು, ಅವನದೇ ಹಾಡನ್ನು ಮತ್ತೆ ಕಲಿತೆ. ಮೇಲಿನ ಸ್ವರಗಳು ಬರುವುದಿಲ್ಲ. ಕೆಳಗೆ, ಒರಟಾಗಿಯಾದರೂ, ಒಂದು ದನಿ ಇತ್ತು. ಅದನ್ನು ಅವನೊಬ್ಬ ಕೇಳಿ ಪರವಾಗಿಲ್ಲ ಅಂದರೆ ನಾನು ಇಲ್ಲೇ, ಅವನ ಜೊತೆಗೇ, ಉಳಿದುಬಿಡುತ್ತಿದ್ದೆ.

ರಾಜ್ಯೋತ್ಸವದ ಸಂಜೆ ನಾನು ಸ್ಟೇಜ್ ಹತ್ತುವ ಮುಂಚೆ ಹತ್ತಿರ ಬಂದು, ನಿನಗೊಂದು ಗಿಫ್ಟ್ ಇದೆ ಅಂದ. ಮುಖದ ತುಂಬ ಸಂತೋಷ.

"ನೀನೇನೂ ಮಾಡೋದ್ ಬೇಡ. ಬಾಯಾಡಿಸಿದ್ರೆ ಸಾಕು."

ಅರ್ಥವಾಗುವಷ್ಟರಲ್ಲಿ ಮ್ಯೂಸಿಕ್ ಶುರುವಾಯಿತು. ಸ್ಪೀಕರ್‌ನಿಂದ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಅವನು ಕಟ್ಟಿದ ಅದೇ ಹಾಡನ್ನು ಹಾಡಿದಳು. ನಾನೇ. ಯಾವುದೋ ಗಣೇಶನ ಪ್ರೋಗ್ರಾಮ್‌ನಲ್ಲಿ ಕ್ಯಾಸೆಟ್‌ಗೆ ಹಿಡಿದಿದ್ದ ದನಿಯನ್ನು ಕಂಪ್ಯೂಟರ್‌ಗೆ ಹಾಕಿ, ಜನರ ಗಲಾಟೆಯನ್ನೆಲ್ಲ ತೆಗೆದು, ಪಾತ್ರೆ ಬೆಳಗಿದ ಹಾಗೆ ಬೆಳಗಿಟ್ಟಿದ್ದ.

ಜೀವಮಾನವೆಲ್ಲ ನನ್ನ ದನಿ ತೆಗೆದು ಬೇರೆಯವರದನ್ನು ಕೂರಿಸಿದ್ದರು. ಈಗ ನನ್ನನ್ನು ತೆಗೆದು ನನ್ನನ್ನೇ ಕೂರಿಸಿದ್ದ, ಅದೂ ಪ್ರೀತಿಯಿಂದ. ಮುಂದೆ ಜನ ಕೂತಿದ್ದರಲ್ಲ, ಪಲ್ಲವಿಗೆ ಬಾಯಾಡಿಸಿದೆ. ಚಪ್ಪಾಳೆ ಬಿತ್ತು. ಚರಣಕ್ಕೆ ಬಾಯಿ ಮುಚ್ಚಿ, ಮೈಕ್ ಇಳಿಸಿ, ಜಗನ್‌ನನ್ನೇ ನೋಡಿದೆ. ಹಾಡು ತನ್ನ ಪಾಡಿಗೆ ಹೋಗುತ್ತಿತ್ತು. ಜನ ಗುಸುಗುಸು ಅಂದರು, ಗೌತಮಿ ಎದ್ದು ನಿಂತಳು. ಅವನಿಗೆ ಮಾತ್ರ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅವನು ಸ್ಪೀಕರ್ ಕಡೆ ನೋಡುತ್ತಿದ್ದ.

ಎಲ್ಲರೂ ಊಟಕ್ಕೆ ಹೋದಮೇಲೆ, ವೈರ್ ಸುತ್ತುತ್ತಾ, ಹೇಳಿದ. ಇಷ್ಟು ವರ್ಷ ಆ ಕ್ಯಾಸೆಟ್ ಕೇಳಿಕೊಂಡೇ ಇದ್ದನಂತೆ. ಬೇರೆ ಯಾರೂ ಬೇಕು ಅನ್ನಿಸಲೇ ಇಲ್ಲವಂತೆ.

"ಮದ್ವೆ ಆಗೋಣ ಕಣೇ. ಲೇಟಾಯ್ತು, ಆದ್ರೂ ಆಗೋಣ."

ಈ ಮಾತಿಗೆ ಕಾದವಳೇ ನಾನು. ಉತ್ತರ ಕೊಡದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವನೆದುರು ಕೂತೆ. ಮೈಕ್ ಇಲ್ಲದೆ, ಬಚ್ಚಲುಮನೆಯಲ್ಲಿ ಕಲಿತ ಹಾಗೇ, ಚರಣ ಎತ್ತಿಕೊಂಡೆ. ಎರಡು ಸಾಲು ಚೆನ್ನಾಗಿಯೇ ಬಂತು. ಚೆನ್ನಾಗಿರುವುದು ಯಾವುದು ಅಂತ ನನಗೆ ಗೊತ್ತು.

ವೈರ್ ಸುತ್ತುವ ಅವನ ಕೈ ನಿಲ್ಲಲಿಲ್ಲ, ಜೋರಾಯಿತು. ತಲೆ ತಗ್ಗಿಸಿಕೊಂಡೇ, "ಸಾಕು ಯಮುನಾ, ಗಂಟಲಿಗೆ ತೊಂದ್ರೆ ಕೊಡ್ಬೇಡ," ಅಂದ.

"ನನ್ ಗಂಟಲಿಗೇನೂ ತೊಂದ್ರೆ ಇಲ್ಲ ಕಣೋ. ನಿನ್ ಕಿವಿಗೆ ತೊಂದ್ರೆ."

ಅವನು ವೈರ್ ಸುರುಳಿಯನ್ನು ಪೆಟ್ಟಿಗೆಗೆ ಹಾಕಿದ.

"ಮನೇಲಿ ಕ್ಯಾಸೆಟ್ಟಲ್ಲಿ ಅವಳೊಬ್ಬಳಿದಾಳಲ್ಲ, ಅವಳನ್ನೇ ಚೆನ್ನಾಗ್ ನೋಡ್ಕೋ," ಅಂದೆ.

"ಅವಳೂ ನೀನೇ ಅಲ್ವೇನೇ?"

"ಅಲ್ಲ."

ಸ್ಪೀಕರ್‌ಗಳನ್ನು ಗಾಡಿಗೆ ಏರಿಸಿದ. ದಾರಿಯಲ್ಲಿ ಕುಲುಕಬಾರದು ಅಂತ ಕಂಬಳಿ ಸುತ್ತಿ ಕಟ್ಟುವುದು ಬಾಗಿಲಿನಿಂದ ಕಾಣುತ್ತಿತ್ತು. ಒಮ್ಮೆ ತಿರುಗಿ ನೋಡಿದ, ಕೈ ಎತ್ತಿದ. ನಾನೂ ಎತ್ತಿದೆ. ಅವನು ಕೆಟ್ಟವನಲ್ಲ, ಅದೇ ನನಗೆ ಹೆಚ್ಚು ಸಂಕಟವಾಗಿದ್ದು.

ಗಾಡಿ ಗೇಟ್ ದಾಟಿದ ಮೇಲೆ ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು, ಖಾಲಿ ಕುರ್ಚಿಗಳ ಮುಂದೆ ಉಳಿದ ಹಾಡು ಹಾಡಿ ಮುಗಿಸಿದೆ. ಕೇಳುವವರು ಯಾರೂ ಇರಲಿಲ್ಲ. ಅದನ್ನು ತೆಗೆದು ಬೇರೆಯವಳದನ್ನು ಹಾಕುವವರೂ ಇರಲಿಲ್ಲ.