ನೂರ ನಲವತ್ತೆರಡು ಕಿಲೋ

ಮಂಗಳವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಯಾರ್ಡಿನ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿದರು. ಕೋಪ ಮೂಗಿನ ತುದಿಯಲ್ಲೇ ಇತ್ತು. ಹಳೇ ಕಾರುಗಳನ್ನು ಬಿಚ್ಚಿ, ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲುಗಳನ್ನು ಮರದ ಪೆಟ್ಟಿಗೆಗೆ ತುಂಬಿ ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದು ಅವರ ಕಸುಬು. ಹಿಂದಿನ ದಿನ ಬಂದರಿನಲ್ಲಿ ಕಸ್ಟಮ್ಸ್‌ನವರು ಕಂಟೇನರ್ ತೆರೆಸಿ ಹದಿನೇಳನೇ ಪೆಟ್ಟಿಗೆ ಬಿಚ್ಚಿಸಿದರೆ, ಸಾಮಾನು ಪಟ್ಟಿಯಲ್ಲಿದ್ದ ಎಂಜಿನ್ ಮಾಯ. ಒಳಗಿದ್ದದ್ದು ತುಕ್ಕು ಹಿಡಿದ ಬ್ರೇಕ್ ಡ್ರಮ್ಮುಗಳು. 'ಚಾಲನೆಯಲ್ಲಿರುವ ಹಳೆಯ ಎಂಜಿನ್, ಒಂದು' ಎಂದು ದೂರಿನಲ್ಲಿ ಬರೆಸಿ, ಎಂಜಿನ್ ನಂಬರು ಕೊಟ್ಟು ಹೋದರು. ಎಫ್ಐಆರ್ ದಾಖಲಾಯಿತು.

ಅವರು ಬಿಟ್ಟುಹೋದ ಪಟ್ಟಿಗೆ ಗ್ರೀಸಿನ ವಾಸನೆ ಹತ್ತಿತ್ತು. ಇನ್ಸ್‌ಪೆಕ್ಟರ್ ಮೇಡಂ ಅದನ್ನು ಮೂಗಿನ ಹತ್ತಿರ ಹಿಡಿದರು. ಅವರ ಅಪ್ಪ ಬಸ್ ಡ್ರೈವರ್. ಚಿಕ್ಕವರಿದ್ದಾಗ ಬೀದಿ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿದರೆ ಸಾಕು, "ಅಪ್ಪ ಬಂದ್ರು" ಎಂದು ಹೋಮ್‌ವರ್ಕ್ ಬಿಸಾಕಿ ಓಡುತ್ತಿದ್ದರು. ನೂರು ಬಸ್ಸು ಹೋಗುತ್ತಿದ್ದ ಬೀದಿ ಅದು. ಒಂದು ದಿನವೂ ತಪ್ಪು ಬಸ್ಸಿಗೆ ಓಡಿದ್ದಿಲ್ಲ. ಅಪ್ಪನ ಯೂನಿಫಾರಂನಿಂದ ಬರುತ್ತಿದ್ದುದೂ ಇದೇ ವಾಸನೆ. ಎದುರಿಗೆ ನಿಂತಿದ್ದ ಕಾನ್‌ಸ್ಟೆಬಲ್ ಕೆಮ್ಮಿದ ಮೇಲೆ ಪಟ್ಟಿ ಕೆಳಗಿಟ್ಟರು.

ಮಧ್ಯಾಹ್ನ ಎರಡೂವರೆಗೆ ಬಂದರಿನಲ್ಲಿ ಪಂಚನಾಮೆ. ಡ್ರಮ್ಮುಗಳನ್ನು ತಕ್ಕಡಿಗೆ ಏರಿಸಿದರು. ಪಟ್ಟಿಯಲ್ಲಿ ಎಂಜಿನ್ನಿನ ತೂಕ ನೂರ ನಲವತ್ತೆರಡು ಕಿಲೋ. ಡ್ರಮ್ಮುಗಳೂ ನೂರ ನಲವತ್ತೆರಡೇ, ಅರ್ಧ ಕಿಲೋ ಆಚೀಚೆ ಇಲ್ಲ. ಒಂದೊಂದನ್ನೂ ಒರೆಸಿ, ಹಳೇ ಬಟ್ಟೆ ಸುತ್ತಿ, ಅಲುಗಾಡದಂತೆ ನಾಲ್ಕೂ ಕಡೆ ಮರದ ಬೆಣೆ ಹೊಡೆದಿದ್ದರು. ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡ.

"ಕಳ್ಳನಿಗೆ ಇಷ್ಟೊಂದು ನಿಯತ್ತು ಯಾಕೆ ಮೇಡಂ? ಒಂದಷ್ಟು ಕಲ್ಲು ತುಂಬಿದ್ರೆ ಆಗ್ತಿತ್ತಲ್ಲ."

ಮೇಡಂ ಬೆಣೆಗಳನ್ನೇ ನೋಡುತ್ತಿದ್ದರು. ಮರ ಸೀಳಬಾರದೆಂದು ಪ್ರತಿ ಮೊಳೆಗೂ ಮೊದಲೇ ತೂತು ಕೊರೆದಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರ್ಡು. ಪೆಟ್ಟಿಗೆ ಕಟ್ಟುವವರು ಮೂವರು. ಇಬ್ಬರು ಮೊಳೆ ಇಟ್ಟು ನೇರ ಸುತ್ತಿಗೆ ಬೀಸುವವರು. ಮೂರನೆಯವರು ಪ್ಯಾಕಿಂಗ್ ಮೇಸ್ತ್ರಿ. ಅರವತ್ತರ ಹತ್ತಿರ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್ಲು, ಕೈಯಲ್ಲಿ ಕೊರೆಯುವ ಯಂತ್ರ. ಇಷ್ಟೊಂದು ಬೆಣೆ ಯಾಕೆ ಎಂದು ಮೇಡಂ ಸುಮ್ಮನೆ ಕೇಳಿದಂತೆ ಕೇಳಿದರು. ಕಸುಬಿನ ಮಾತು ಬಂದರೆ ಮೇಸ್ತ್ರಿಯ ಬಾಯಿಗೆ ಬೀಗವಿಲ್ಲ.

"ಸಮುದ್ರದ ಮೇಲೆ ಒಂದು ಪೆಟ್ಟಿಗೆಯೊಳಗೆ ಸಾಮಾನು ಜಾರಿದ್ರೆ ಪಕ್ಕದವೂ ಹಾಳು ಮೇಡಂ. ತೂಕ ಬರೆದ ಹಾಗೆ ಇರಬೇಕು. ಒಂದು ಕಡೆ ಕಮ್ಮಿ ಆದ್ರೆ ಕ್ರೇನ್ ಎತ್ತುವಾಗ ಕಂಟೇನರ್ ವಾಲುತ್ತೆ. ಕೆಳಗೆ ಜನ ನಿಂತಿರ್ತಾರೆ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಏನೋ ಹೊಳೆದಂತಾಗಿ ಮುಖ ಬಾಡಿತು. ಮೇಡಂ ಗೇಟಿಗೆ ಬಂದು ರಿಜಿಸ್ಟರ್ ತೆಗೆಸಿದರು. 'ಶನಿವಾರ, ಒಂಬತ್ತನೇ ತಾರೀಖು, ಸಂಜೆ ಐದೂ ನಲವತ್ತು. ಗೂಡ್ಸ್ ಆಟೋ. ಒಡೆದ ಹಲಗೆ. ಮೇಸ್ತ್ರಿ.' ಶನಿವಾರದ ಒಡೆದ ಹಲಗೆ ಅವರ ಮನೆಗೇ ಹೋಗುವುದು ವರ್ಷಗಳ ರೂಢಿ, ಯಾರೂ ಎತ್ತಿ ನೋಡುವುದಿಲ್ಲ ಎಂದ ಕಾವಲುಗಾರ. ಆಟೋ ಚಾಲಕನನ್ನು ಹುಡುಕಿ ಕೇಳಿದಾಗ, ಹಲಗೆಗೆ ಅಷ್ಟು ಭಾರ ಯಾಕೆಂದು ತನಗೂ ಅನ್ನಿಸಿತ್ತು ಎಂದು ಹೇಳಿಕೆ ಕೊಟ್ಟ.

ಗುರುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಎಂಟೂ ಕಾಲಿಗೆ ಪಂಚರೊಂದಿಗೆ ಮೇಸ್ತ್ರಿಯ ಮನೆ. ಬಾಗಿಲು ತೆಗೆದವರು ಅವರೇ. ಯಾಕೆ ಬಂದಿರಿ ಎಂದು ಕೇಳಲಿಲ್ಲ, ನೆಟ್ಟಗೆ ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದೊಯ್ದರು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿತ್ತು. ಬ್ಯಾಟರಿ, ರೇಡಿಯೇಟರು, ಪೆಟ್ರೋಲ್ ಡಬ್ಬಿ ಎಲ್ಲ ಜೋಡಿಸಿ ಸಜ್ಜಾಗಿತ್ತು. ನಂಬರು ತಾಳೆಯಾಯಿತು. ಪಕ್ಕದಲ್ಲೇ ಬೆತ್ತದ ಕುರ್ಚಿಯಲ್ಲಿ ಒಬ್ಬ ಮುದುಕರು ಗೋಡೆ ನೋಡುತ್ತ ಕುಳಿತಿದ್ದರು. ಮೇಸ್ತ್ರಿಯ ಹೆಂಡತಿ ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

"ಇವರು?"

"ನಮ್ಮಣ್ಣ. ಮೂರು ವರ್ಷ ಆಯ್ತು, ಯಾರ ಗುರ್ತೂ ಇಲ್ಲ. ಮಾತೂ ಇಲ್ಲ."

ಸಿಲಿಂಡರ್ ಹೆಡ್ಡಿನ ಅಂಚಿನಲ್ಲಿ ಒತ್ತಿದ್ದ ಮೂರು ಚುಕ್ಕೆಗಳನ್ನು ಮೇಸ್ತ್ರಿ ತೋರಿಸಿದರು. ಅಣ್ಣತಮ್ಮ ಸೇರಿ ಇಪ್ಪತ್ತೆರಡು ವರ್ಷ ಗ್ಯಾರೇಜು ನಡೆಸಿದ್ದರು. ತಾನು ರಿಪೇರಿ ಮಾಡಿದ ಎಂಜಿನ್ನಿಗೆಲ್ಲ ಅಣ್ಣ ಮೂರು ಚುಕ್ಕೆ ಒತ್ತುತ್ತಿದ್ದ. ಇದು ಅವರಿಬ್ಬರ ಸ್ವಂತ ಟ್ಯಾಕ್ಸಿಯ ಎಂಜಿನ್. ಆಗೆಲ್ಲ ಅಣ್ಣ ಕಣ್ಣು ಮುಚ್ಚಿ ಬಾನೆಟ್ಟಿಗೆ ಕಿವಿಕೊಟ್ಟು ರೋಗ ಹೇಳುತ್ತಿದ್ದ. ಗಿರಾಕಿಗಳು ಅವನಿಗೆ ಡಾಕ್ಟರ್ ಎಂದೇ ಹೆಸರಿಟ್ಟಿದ್ದರು. ಗ್ಯಾರೇಜು ಮುಚ್ಚಿತು, ಕಾರು ಯಾರ್ಯಾರದೋ ಕೈ ಸೇರಿತು. ಕಳೆದ ತಿಂಗಳು ಯಾರ್ಡಿಗೆ ಬಂದ ರಾಶಿಯಲ್ಲಿ ಮೇಸ್ತ್ರಿಯ ಕಣ್ಣಿಗೆ ಆ ಚುಕ್ಕೆ ಬಿತ್ತು.

"ಮಾಲೀಕರನ್ನ ಕೇಳಲಿಲ್ವಾ?"

"ಕೇಳ್ದೆ. ಪಟ್ಟಿ ಕಸ್ಟಮ್ಸ್‌ಗೆ ಹೋಗಿಬಿಟ್ಟಿದೆ ಅಂದ್ರು. ಅಣ್ಣನಿಗೆ ಒಂದ್ಸಲ ಇದರ ಸದ್ದು ಕೇಳಿಸಿ ವಾಪಸ್ ಇಡೋಣ ಅಂತ ತಂದೆ. ಬುಧವಾರ ಆಗ್ಬೇಕಿದ್ದ ಲೋಡಿಂಗು ಭಾನುವಾರನೇ ಆಗ್ಬಿಡ್ತು. ಖಾಲಿ ಪೆಟ್ಟಿಗೆ ಹತ್ತಿಸೋಕೆ ಮನಸ್ಸು ಒಪ್ಪಲಿಲ್ಲ."

"ತಂದು ಐದು ದಿನ ಆಯ್ತಲ್ಲ. ಕೇಳಿಸಿದ್ರಾ?"

ಮೇಸ್ತ್ರಿ ತಲೆ ತಗ್ಗಿಸಿದರು. "ಧೈರ್ಯ ಬರಲಿಲ್ಲ ಮೇಡಂ. ಇದಕ್ಕೂ ಹಿಂಗೇ ಕೂತಿದ್ಬಿಟ್ರೆ? ಆಮೇಲೆ ನಂಗೆ ಇನ್ನೇನು ಉಳಿಯುತ್ತೆ?"

ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾದರೂ ಹಳೇ ಬಸ್ಸಿನ ಸದ್ದು ಕೇಳಿದರೆ ಈಗಲೂ ಮೇಡಂ ಕತ್ತು ತಿರುಗಿಸುತ್ತಿದ್ದರು. ಅವರು ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಕಡೆ ತಿರುಗಿದರು.

"ದೂರಿನಲ್ಲಿ 'ಚಾಲನೆಯಲ್ಲಿರುವ' ಅಂತಿದೆ. ಹೌದೋ ಅಲ್ವೋ ಪರೀಕ್ಷೆ ಮಾಡಿ ಬರೀಬೇಕು. ಮೇಸ್ತ್ರಿ, ಸ್ಟಾರ್ಟ್ ಮಾಡಿ."

ಮೇಸ್ತ್ರಿ ಬ್ಯಾಟರಿಯ ತಂತಿ ಮುಟ್ಟಿಸಿದರು. ಎರಡು ಸಲ ಕೊಸರಾಡಿದ ಎಂಜಿನ್ ಮೂರನೇ ಸಲಕ್ಕೆ ಹತ್ತಿಕೊಂಡಿತು. ತಗಡೆಲ್ಲ ಅದುರಿ, ಶೆಡ್ಡಿನ ತುಂಬ ಹೊಗೆ. ಮುದುಕರು ಗೋಡೆ ನೋಡುತ್ತಲೇ ಇದ್ದರು. ಒಂದು ನಿಮಿಷ, ಎರಡು ನಿಮಿಷ. ಸಾಕೆಂದು ಮೇಸ್ತ್ರಿ ಆರಿಸಲು ಕೈ ಚಾಚಿದರು.

ಮುದುಕರು ಕಣ್ಣು ಮುಚ್ಚಿ, ಕತ್ತನ್ನು ಒಂದು ಕಡೆಗೆ ವಾಲಿಸಿದರು.

"ಮೂರನೇ ಟ್ಯಾಪೆಟ್ಟು ಸಡಿಲ ಇದೆ ಕಣೋ, ಚಿಕ್ಕೋನೆ. ಎಷ್ಟು ಸಲ ಹೇಳೋದು ನಿಂಗೆ."

ಮೇಸ್ತ್ರಿಯ ಹೆಂಡತಿ ಗಂಜಿ ಬಟ್ಟಲು ಕೆಳಗಿಟ್ಟರು. ಮೇಸ್ತ್ರಿ ಅಣ್ಣನ ಮೊಣಕಾಲು ಹಿಡಿದು ಕುಕ್ಕರಿಸಿ, "ಬಿಗಿ ಮಾಡ್ತೀನಿ ಅಣ್ಣ, ಈಗಲೇ ಮಾಡ್ತೀನಿ" ಎನ್ನುತ್ತ ಅತ್ತರು. ಅಣ್ಣ ಮತ್ತೆ ಗೋಡೆಯ ಕಡೆ ತಿರುಗಿ ಆಗಿತ್ತು. ಮೇಡಂ ವಾಚು ನೋಡಿಕೊಂಡು, ಯಾರನ್ನೂ ನೋಡದೆ, ಸ್ಪ್ಯಾನರ್ ಎಲ್ಲಿದೆ ಎಂದು ಕೇಳಿದರು. ಕಾನ್‌ಸ್ಟೆಬಲ್ಲೇ ಹುಡುಕಿ ಕೊಟ್ಟ.

ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು, ಎಂಜಿನ್ ಜಪ್ತಿಯಾಯಿತು. ಠಾಣೆಯ ದಿನಚರಿಯಲ್ಲಿ ಉದ್ದೇಶದ ಕಾಲಂನಲ್ಲಿ ಮೇಡಂ ಸ್ವಂತ ಕೈಯಲ್ಲಿ ಬರೆದರು: 'ಅಣ್ಣನಿಗೆ ಕೇಳಿಸಲು.' ಪಂಚನಾಮೆಯ ಕೊನೆಯ ಸಾಲು ಹೀಗಿತ್ತು: 'ಎಂಜಿನ್ ಚಾಲನೆಯಲ್ಲಿದೆ. ಮೂರನೇ ಟ್ಯಾಪೆಟ್ ಸಡಿಲವಿತ್ತು. ಪಂಚರ ಸಮಕ್ಷಮ ಸರಿಪಡಿಸಲಾಗಿದೆ.'